ತೆಳ್ಳಗಿನ ಗಂಜಿ, ಗಟ್ಟಿ ವ್ಯಾಪಾರ

ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸಂಘದ ಹೆಂಗಸರು ಸೇರಿ ರಾಗಿ ಮಾಲ್ಟ್, ಅಂದರೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟು, ಮಾಡಿ ಮಾರುತ್ತೇವೆ. ಹೊಸದರಲ್ಲಿ ಎಲ್ಲರದೂ ಒಂದೇ ದೂರು: "ಏನಕ್ಕಾ, ಇದಕ್ಕೆ ಏನು ಬೆರೆಸಿದ್ದೀರಾ? ಎಷ್ಟು ಕಾಯಿಸಿದರೂ ಗಂಜಿ ಗಟ್ಟಿನೇ ಆಗಲ್ಲ!" ಏನು ಹೇಳಬೇಕೋ ನಮಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ. ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿನ ಮೇಡಂ ನಮ್ಮ ಪ್ಯಾಕೆಟ್ ಒಡೆದು ಗಂಜಿ ಕಾಯಿಸಿ ನೋಡಿ ನಕ್ಕರು. "ತೆಳ್ಳಗಿದ್ದರೆ ನೀವು ಸರಿಯಾಗಿ ಮಾಡಿದ್ದೀರಿ ಅಂತ ಕಣಮ್ಮ" ಅಂದರು. ಮೊಳಕೆ ಒಡೆಯುವಾಗ ಕಾಳಿನೊಳಗೆ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆದುಹಾಕುತ್ತದೆ, ಹಾಗಾಗಿ ಗಂಜಿ ಗಟ್ಟಿ ಕಟ್ಟುವುದಿಲ್ಲ. ಸಾದಾ ಹಿಟ್ಟನ್ನು ಸ್ವಲ್ಪ ಜಾಸ್ತಿ ಹಾಕಿದರೂ ಬಟ್ಟಲಲ್ಲಿ ಮುದ್ದೆ ಆಗಿಬಿಡುತ್ತದೆ. ಮೊಳಕೆ ಹಿಟ್ಟು ಜಾಸ್ತಿ ಹಾಕಿದರೂ ಕುಡಿಯುವ ಹದದಲ್ಲೇ ಇರುತ್ತದೆ. ಜ್ವರದಿಂದ ಎದ್ದ ಮುದುಕರಿಗೆ ಒಂದು ಲೋಟದಲ್ಲಿ ಜಾಸ್ತಿ ಆಹಾರ ಸೇರಿತು ಅಲ್ವಾ?

ಅದೇ ದಿನ ಇನ್ನೊಂದು ಗುಟ್ಟೂ ತಿಳಿಯಿತು. ಮೊಳಕೆ ರಾಗಿಯನ್ನು ಘಮ್ ಅನ್ನುವ ಹಾಗೆ ಹುರಿದರೆ ಈ ಕಿಣ್ವ ಸತ್ತುಹೋಗುತ್ತದೆ. ಸುಮಾರು 70 ಡಿಗ್ರಿಯ ಹದವಾದ ಬಿಸಿ ಸಾಕು. ನಮ್ಮತ್ತೆ ಅಂಗೈಯಲ್ಲಿ ಕಾಳು ಹಿಡಿದು "ಸಾಕು, ಇಳಿಸು" ಅನ್ನುತ್ತಿದ್ದರು. ಆ ಕೈಯ ಲೆಕ್ಕ ಸರಿಯಾಗೇ ಇತ್ತು. ಆದರೆ ಹತ್ತು ಹೆಂಗಸರು ಸರದಿ ಮೇಲೆ ಕೆಲಸ ಮಾಡುವ ಕಡೆ ಎಲ್ಲರ ಕೈಯೂ ಅತ್ತೆ ಕೈ ಆಗುವುದಿಲ್ಲ. ಈಗ ಬಾಣಲೆ ಪಕ್ಕ ಥರ್ಮಾಮೀಟರ್ ಇರುತ್ತದೆ. ಹಿಂದಿನ ತಿಂಗಳ ಪ್ಯಾಕೆಟ್ಟೂ ಈ ತಿಂಗಳದ್ದೂ ಒಂದೇ ಥರ ಇರುತ್ತವೆ. ಅಂಗಡಿಯವರು ಎರಡನೇ ಸಲ ಮಾಲು ತೆಗೆದುಕೊಳ್ಳುವುದು ಇದಕ್ಕೇ.

ಪ್ಯಾಕೆಟ್ ಮೇಲೆ ಗುಂಡಗಿರುವ ಪಾಪು ಚಿತ್ರ ಹಾಕಿಸುವ ಆಸೆ ನಮಗೆ. ಮೇಡಂ ಬೇಡವೇ ಬೇಡ ಅಂದರು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಬೇರೆಯೇ ಕಾನೂನು ಇದೆ, 1992ರಿಂದಲೇ. ಬಿಟ್ಟೆವು. ಈಗ ರಾಗಿ ತೆನೆ ಚಿತ್ರ ಇದೆ, ಅದೂ ಚೆನ್ನಾಗಿದೆ.

ಇನ್ನು ರಾಗಿ ಕೊಳ್ಳುವ ವಿಷಯ. ನಮ್ಮ ಕಡೆ ಸುಗ್ಗಿಯಲ್ಲಿ ಟಾರ್ ರಸ್ತೆಯೇ ಕಣ. ತೆನೆ ಹರಡಿಬಿಟ್ಟರೆ ಬಸ್ಸು, ಲಾರಿ ಓಡಾಡಿ ಒಕ್ಕಣೆ ಆಗಿಬಿಡುತ್ತದೆ. ಬೈಕಿನವರು ಜಾರಿ ಬೀಳುವುದು ಒಂದು ಕಡೆ. ಇನ್ನೊಂದು ಕಡೆ ರಾಗಿಯಷ್ಟೇ ಗಾತ್ರದ ಕಲ್ಲು ಸೇರುತ್ತದೆ, ಮೊರದಲ್ಲಿ ಎಷ್ಟು ಕೇರಿದರೂ ಹೋಗುವುದಿಲ್ಲ. ಕುರುಬೂರಿನವರು ಕಲ್ಲು ಬೇರ್ಪಡಿಸುವ ಯಂತ್ರ ತೋರಿಸಿದರು. ನಾವು ಅದನ್ನೂ ತಂದೆವು, ಜೊತೆಗೆ ಒಂದು ನಿಯಮವನ್ನೂ ಮಾಡಿದೆವು: ಟಾರ್ಪಾಲ್ ಮೇಲೋ ಮಣ್ಣು ಸಾರಿಸಿದ ಕಣದಲ್ಲೋ ಒಕ್ಕಿದ ರಾಗಿಗೆ ಕ್ವಿಂಟಲ್‌ಗೆ ಒಂದಿಷ್ಟು ಜಾಸ್ತಿ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆಯೇ 4,886 ರೂಪಾಯಿ. ಅದಕ್ಕಿಂತ ಕಡಿಮೆ ಕೇಳಿದರೆ ರೈತರು ನಮ್ಮ ಬಾಗಿಲಿಗೆ ಯಾಕೆ ಬರುತ್ತಾರೆ? ಈಗ ಊರಲ್ಲಿ ಕೆಲವರಾದರೂ ರಸ್ತೆಗೆ ತೆನೆ ಹಾಕುವುದು ಬಿಟ್ಟಿದ್ದಾರೆ. ಮಾಲ್ಟ್ ಕುಡಿಯದ ಬೈಕಿನವರಿಗೂ ಇದರಿಂದ ಲಾಭ.

ನಾವು ಕೊಳ್ಳುವ ರಾಗಿಯಲ್ಲಿ ಜಾಸ್ತಿ ಪಾಲು ಜಿಪಿಯು-28. ಬೆಂಕಿ ರೋಗ ತಡೆಯುವ ಈ ತಳಿಯೂ ಅದೇ ವಿಶ್ವವಿದ್ಯಾಲಯದ್ದು. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಇಂಡಾಫ್ ತಳಿಗಳನ್ನು ಮಾಡಿದ್ದು ಇದಕ್ಕೂ ಹಿಂದೆ. ಆ ಕೆಲಸ ಆಗದಿದ್ದರೆ ಊಟಕ್ಕೆ ಉಳಿದು ಮಾಲ್ಟ್‌ಗೂ ಮಿಗುವಷ್ಟು ರಾಗಿ ಮಳೆ ನಂಬಿದ ಹೊಲದಲ್ಲಿ ಎಲ್ಲಿಂದ ಬರಬೇಕು?

ದುಡ್ಡಿನ ಮಾತು ಚುಟುಕಾಗಿ. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35 ಪರ್ಸೆಂಟ್ ಸಹಾಯಧನ ಇತ್ತು, ನಮ್ಮ ರಾಜ್ಯ ಅದರ ಮೇಲೆ 15 ಸೇರಿಸುತ್ತಿತ್ತು. ಒಂದು ಬ್ಯಾಂಕಿನವರು ಸುಮ್ನೆ ಅಲೆದಾಡಿಸಿದರು, ಇನ್ನೊಂದರಲ್ಲಿ ಕೆಲಸ ಆಯಿತು. ಉದ್ಯಮಿಗಳ ಒಂದು ಕಾರ್ಯಕ್ರಮಕ್ಕೂ ಕರೆದಿದ್ದರು. ಎಲ್ಲ ಇಂಗ್ಲಿಷ್ ಸ್ಲೈಡು, ಕೋಟಿಗಳ ಲೆಕ್ಕ. ಊಟ ಚೆನ್ನಾಗಿತ್ತು. ನನ್ನ ಮಟ್ಟಿಗೆ, ನಮ್ಮಂಥ ಸಣ್ಣ ಉದ್ಯಮಕ್ಕೆ ವಿಶ್ವವಿದ್ಯಾಲಯದಿಂದ ಬೇಕಾಗಿರುವುದು ತೇವಾಂಶ ಅಳೆದುಕೊಡುವ ಒಂದು ಲ್ಯಾಬು, ಮತ್ತೆ ಫೋನ್ ಎತ್ತುವ ಒಬ್ಬ ಮೇಷ್ಟ್ರು.

ಸದ್ಯಕ್ಕೆ ತಲೆನೋವು ಮಳೆಗಾಲದ್ದು. ಮೊಳಕೆ ಕಟ್ಟಿದ ರಾಗಿ ಬೇಗ ಒಣಗದಿದ್ದರೆ ಹುಳಿ ವಾಸನೆ ಬಂದು ಬೂಷ್ಟು ಹಿಡಿಯುತ್ತದೆ. ಪಾಲಿಥೀನ್ ಹೊದಿಸಿದ ಸೋಲಾರ್ ಡ್ರೈಯರ್ ಕಟ್ಟಿಕೊಂಡಿದ್ದೇವೆ. ಮೋಡ ಮುಚ್ಚಿದ ದಿನ ಅದರದ್ದೂ ಆಟ ನಡೆಯುವುದಿಲ್ಲ. ಮೇಡಂ ಕಳಿಸಿದ ಇಬ್ಬರು ವಿದ್ಯಾರ್ಥಿಗಳು ನಮ್ಮ ತಟ್ಟೆಗಳ ತೇವಾಂಶ ಬರೆದುಕೊಳ್ಳುತ್ತಿದ್ದಾರೆ. 12 ಪರ್ಸೆಂಟ್‌ಗಿಂತ ಕೆಳಗೆ ಇಳಿಯುವ ತನಕ ಬೀಸಬೇಡಿ ಅಂತ ಅವರ ಅಪ್ಪಣೆ. ಸಂಘದವರು ಗೊಣಗುತ್ತಲೇ ಕಾಯುತ್ತಿದ್ದಾರೆ.