ವಾಕ್ಸ್ ಎಸಿ30ಕ್ಕೆ ಡಿಸ್ಟಾರ್ಷನ್ ಬರಿಸಿದ್ದು: ನನ್ನ ಅನುಭವ

"ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದೆ, ಮಾರಿಬಿಡಿ" ಅಂತ ನನ್ನ ಹಳೇ ವಾಕ್ಸ್ ಎಸಿ30 ಗಿಟಾರ್ ಆಂಪ್ (ಆಂಪ್ಲಿಫೈಯರ್) ನೋಡಿದವರೆಲ್ಲ ಹೇಳಿದ್ದರು. ವಾಲ್ವ್‌ಗಳ ಪವರನ್ನು ಸ್ಪೀಕರ್‌ಗೆ ಮುಟ್ಟಿಸುವ ಆ ಟ್ರಾನ್ಸ್‌ಫಾರ್ಮರ್ ಹೋಗಿರಲಿಲ್ಲ. ಅದೇ ಟ್ರಾನ್ಸ್‌ಫಾರ್ಮರ್, ಅದೇ ಸ್ಪೀಕರ್‌ಗಳು, ಈಗ ವಾಲ್ಯೂಮ್ ಮುಕ್ಕಾಲಿಗೆ ತಿರುಗಿಸಿದರೆ ಎಂಥ ದಪ್ಪ ಸೌಂಡ್ ಬರುತ್ತದೆ ಅಂದರೆ, ಆಗ ಬೇಡ ಅಂದವರೇ ಈಗ ರೆಕಾರ್ಡಿಂಗ್‌ಗೆ ಕೊಡ್ತೀರಾ ಅಂತ ಕೇಳುತ್ತಿದ್ದಾರೆ.

ಇದು 1960ರ ದಶಕದ ನಡುವಿನ, ಇಂಗ್ಲೆಂಡಿನ ಡಾರ್ಟ್‌ಫರ್ಡ್‌ನಲ್ಲಿ ಮಾಡಿದ ಎಸಿ30. ಡಿಸ್ಟಾರ್ಷನ್‌ಗೆ, ಅಂದರೆ ಸೌಂಡನ್ನು ಬೇಕಂತಲೇ ಒಡೆಸುವುದಕ್ಕೆ, ಬೇರೆ ನಾಬ್ ಇಲ್ಲ, ಒಟ್ಟು ಸೌಂಡ್ ಇಳಿಸುವ ಮಾಸ್ಟರ್ ವಾಲ್ಯೂಮ್ ಇಲ್ಲ. ಸ್ಪೀಕರ್‌ಗೆ ಪವರ್ ಕೊಡುವ ನಾಲ್ಕು ಇಎಲ್84 ವಾಲ್ವ್‌ಗಳನ್ನು (ಗಾಜಿನ ಟ್ಯೂಬ್) ದುಡಿಸಿಯೇ ಅದನ್ನು ಪಡೆಯಬೇಕು. ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗ ಹಿಂದಕ್ಕೆ ಕೊಟ್ಟು ಸೌಂಡ್ ತಿದ್ದುವ ಏರ್ಪಾಡು) ಇಲ್ಲದ ಆಂಪ್ ಆದ್ದರಿಂದ ಸೌಂಡ್ ನಿಧಾನವಾಗಿ ಒಡೆಯಬೇಕು ಅಲ್ವಾ? ಇದು ಅರ್ಧ ದಾಟುತ್ತಿದ್ದಂತೆ ಫರ್ರ್ ಅಂದು ಕಟ್ಟಿಕೊಳ್ಳುತ್ತಿತ್ತು. ಸಣ್ಣ ತಂತಿಯಲ್ಲಿ ಬೆಂಡ್ ಮಾಡಿದರೆ ಅದರ ಕೆಳಗೆ ಇನ್ನೊಂದು ಅಪಸ್ವರ ಎಳೆದುಕೊಂಡು ಬರುತ್ತಿತ್ತು.

ಮೊದಲು ಹೊರದೇಶದ ಹೊಸ ವಾಲ್ವ್ ನಾಲ್ಕು ತರಿಸಿದೆ. ಕಸ್ಟಮ್ಸ್ ಎಲ್ಲ ಸೇರಿ ಎಂಟು ಸಾವಿರದ ಮೇಲೆ. ಸ್ವಲ್ಪ ಹೊತ್ತಿಗೇ ಎರಡರ ಪ್ಲೇಟ್ ಕೆಂಪಗಾಯಿತು. ಒಬ್ಬ ಮೆಕ್ಯಾನಿಕ್ ಹೊಸ ಟ್ರಾನ್ಸ್‌ಫಾರ್ಮರ್ ತರಿಸಿ ಅಂದರು, ಸಾಗಣೆ ಸೇರಿ ಮೂವತ್ತು ಸಾವಿರದ ಹತ್ತಿರ. ನಾನು ಒಪ್ಪಲಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ (ವಾಲ್ವ್ ಕಡೆಯ ಸುತ್ತು) ಎರಡು ಭಾಗದ ಓಮ್ಸ್ ಹೆಚ್ಚುಕಮ್ಮಿ ಒಂದೇ ಇತ್ತು, ಆಂಪ್ ಮೆಲ್ಲಗಿದ್ದಾಗ ಸೌಂಡ್ ಚೊಕ್ಕವಾಗಿತ್ತು.

ಉತ್ತರ ಸಿಕ್ಕಿದ್ದು ವಾಲ್ವ್‌ನ ಎರಡನೇ ಪಿನ್‌ನಲ್ಲಿ. ಅದು ಸಿಗ್ನಲ್ ಒಳಗೆ ಬರುವ ಗ್ರಿಡ್. ಅಲ್ಲಿ ಸೊನ್ನೆ ವೋಲ್ಟ್ ಇರಬೇಕಾದಲ್ಲಿ ಎರಡು ವೋಲ್ಟ್‌ನಷ್ಟು ಪ್ಲಸ್ ತೋರಿಸುತ್ತಿತ್ತು. ಅಂದರೆ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ತಡೆಯಬೇಕಾದ ಕಪ್ಲಿಂಗ್ ಕಂಡೆನ್ಸರ್ ಲೀಕ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 0.1 ಮೈಕ್ರೋಫ್ಯಾರಡ್, 630 ವೋಲ್ಟ್‌ನದು ಒಂದಕ್ಕೆ ಇಪ್ಪತ್ತೋ ಮೂವತ್ತೋ ರೂಪಾಯಿಗೆ ಸಿಕ್ಕಿತು. ಅದನ್ನು ಬದಲಿಸಿದ್ದೇ ಫರ್ರ್ ಹೋಯಿತು. ಅಪಸ್ವರಕ್ಕೆ ಕಾರಣ ಡಿಸಿ ಸಪ್ಲೈಯನ್ನು ನಯ ಮಾಡುವ ಫಿಲ್ಟರ್ ಕಂಡೆನ್ಸರ್‌ಗಳು ಒಣಗಿದ್ದು. ಸಪ್ಲೈಯಲ್ಲಿ ಉಳಿದ 100 ಹರ್ಟ್ಸ್ ಏರಿಳಿತ (ರಿಪಲ್) ಸ್ವರದ ಜೊತೆ ಬೆರೆಯುತ್ತಿತ್ತು. ಹಳೇ ಮೌಲ್ಯಕ್ಕೆ ಹತ್ತಿರದ್ದನ್ನೇ ಹಾಕಿ. ಸುಮ್ನೆ ದೊಡ್ಡದು ಹಾಕಿದರೆ ಆಂಪ್ ಬಿಗಿಯಾಗುತ್ತದೆ, ಜೋರಾಗಿ ನುಡಿಸಿದಾಗ ಸಪ್ಲೈ ಸ್ವಲ್ಪ ಕುಗ್ಗಿ ಬರುವ ಆ ಎಳೆತ ಹೋಗುತ್ತದೆ. ಮತ್ತೆ ಆನ್ ಮಾಡುವಾಗ ರಕ್ಷಣೆಗೆ ಸೀರಿಸ್ ಬಲ್ಬ್ ಇಟ್ಟು, ಡಿಮ್ಮರ್‌ಸ್ಟಾಟ್‌ನಲ್ಲಿ ಮೇನ್ಸ್ ವೋಲ್ಟೇಜನ್ನು ನಿಧಾನಕ್ಕೆ ಏರಿಸಿದೆ.

ವಾಲ್ವ್ ವಿಷಯಕ್ಕೆ ಎಲ್ಲರೂ ತಲೆ ಅಲ್ಲಾಡಿಸಿದರು. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ರೇಡಿಯೋಗಳಿಗೆ ಇಎಲ್84 ಮಾಡುತ್ತಿತ್ತು. ಗುಜರಿಯ ರೇಡಿಯೋಗಳಿಂದ ಒಂದು ರಟ್ಟಿನ ಡಬ್ಬಿಯಷ್ಟು ಕೂಡಿಹಾಕಿದ್ದೆ, ಒಂದಕ್ಕೆ ಮುನ್ನೂರರಿಂದ ಐನೂರು ರೂಪಾಯಿ. ರೇಡಿಯೋ ವಾಲ್ವ್ ಗಿಟಾರ್ ಆಂಪ್‌ನಲ್ಲಿ ನಿಲ್ಲಲ್ಲ ಅಂದರು. ಕರೆಂಟ್ ಅಳೆದು ನಾಲ್ಕು ಒಂದೇ ಥರದವು ಆರಿಸಿ ಹಾಕಿದೆ. ವರ್ಷದ ಮೇಲಾಯಿತು, ಚೆನ್ನಾಗಿ ದುಡಿಯುತ್ತಿವೆ, ನನ್ನ ಕಿವಿಗೆ ಆ ಹೊರದೇಶದವಕ್ಕಿಂತ ಸಿಹಿ. ನಮ್ಮ ಊರಿನ ವಾಲ್ವ್ ಅನ್ನುವ ಹೆಮ್ಮೆಯೂ ಇದೆ. ಬಾಳಿಕೆಗೆ ಒಂದು ಕಾರಣ ವಾಲ್ವ್‌ನ ಕರೆಂಟ್ ಎಷ್ಟು ಅಂತ ನಿರ್ಧರಿಸುವ ಕ್ಯಾಥೋಡ್ ರೆಸಿಸ್ಟರ್. ಮೂಲದಲ್ಲಿ ನಾಲ್ಕಕ್ಕೂ ಸೇರಿ 50 ಓಮ್ಸ್, ಅದರಲ್ಲಿ ಒಂದೊಂದು ವಾಲ್ವೂ ತನ್ನ 12 ವ್ಯಾಟ್ ಮಿತಿ ಮೀರಿ ಕಾಯುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಮೇನ್ಸ್ 245 ವೋಲ್ಟ್ ಮುಟ್ಟುತ್ತದೆ, ಕೇಳಬೇಕಾ? ನಾನು ಆ ರೆಸಿಸ್ಟರ್‌ನ ಓಮ್ಸ್ ಸ್ವಲ್ಪ ಏರಿಸಿದ್ದೇನೆ. ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಮನೆಯಲ್ಲಿ ನುಡಿಸಲು ಎರಡು ವಾಲ್ವ್ ತೆಗೆದೂ ನೋಡಿದೆ. ಜೋಡಿಯಾಗಿ ದುಡಿಯುವ ಎರಡು ಬದಿಗಳಲ್ಲಿ (ಪುಶ್, ಪುಲ್) ಒಂದೊಂದು ಉಳಿಸಿ, ಕ್ಯಾಥೋಡ್ ರೆಸಿಸ್ಟರ್ ದುಪ್ಪಟ್ಟು ಮಾಡಿ, ಲೋಡ್ ಹೊಂದಿಸಲು 16 ಓಮ್ಸ್ ಸ್ಪೀಕರನ್ನು 8ರ ಟ್ಯಾಪ್‌ಗೆ ಕೊಟ್ಟೆ. ಪವರ್ ಅರ್ಧವಾದರೂ ಕಿವಿಗೆ ಕೇವಲ 3 ಡೆಸಿಬಲ್ ಕಮ್ಮಿ. ಪಕ್ಕದ ಮನೆಯವರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ವಾಪಸ್ ನಾಲ್ಕು ಹಾಕಿ, ದಪ್ಪ ಸೆರಾಮಿಕ್ ರೆಸಿಸ್ಟರ್‌ಗಳಿಂದ, ಸ್ಪೀಕರ್‌ಗೆ ಹೋಗುವ ಪವರ್ ತಗ್ಗಿಸುವ ಅಟೆನ್ಯುಯೇಟರ್ ಕಟ್ಟಿದೆ. ಆರುನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಟ್ರೆಬಲ್ ಬೂಸ್ಟರ್, ಅಂದರೆ ಗಿಟಾರ್‌ನ ಮೇಲಿನ ಸ್ವರಗಳನ್ನು ಜೋರು ಮಾಡಿ ಆಂಪ್‌ಗೆ ಕೊಡುವ ಪುಟ್ಟ ಡಬ್ಬಿ. ಕ್ವೀನ್ ಬ್ಯಾಂಡಿನ ಬ್ರಯನ್ ಮೇ, ಐರಿಶ್ ಗಿಟಾರಿಸ್ಟ್ ರೋರಿ ಗ್ಯಾಲಘರ್ ಇಬ್ಬರೂ ಎಸಿ30 ಮುಂದೆ ಇಟ್ಟದ್ದು ಅದನ್ನೇ. ರೇಂಜ್‌ಮಾಸ್ಟರ್ ಅನ್ನುವ ಹಳೇ ಬೂಸ್ಟರ್‌ನಲ್ಲಿದ್ದ ಓಸಿ44 ಜರ್ಮೇನಿಯಂ ಟ್ರಾನ್ಸಿಸ್ಟರ್ ಹುಡುಕುತ್ತಾ ಕೂರಬೇಡಿ. ಹಳೇ ಟ್ರಾನ್ಸಿಸ್ಟರ್ ರೇಡಿಯೋದಿಂದ ಬಿಇಎಲ್‌ನ ಎಸಿ128 ಕಿತ್ತು ಕಟ್ಟಿ. ಕಲೆಕ್ಟರ್‌ನಲ್ಲಿ ಮೈನಸ್ 7 ವೋಲ್ಟ್ ಬರುವಂತೆ ಕೂರಿಸಿ. ತುಂಬಾ ಲೀಕ್ ಇರುವುದನ್ನು ಪಕ್ಕಕ್ಕಿಡಿ. ಒಳ್ಳೆಯದನ್ನು ಆರಿಸುವ ನನ್ನ ದಾರಿ ಮುಂದೆ ಯಾವಾಗಲಾದರೂ ಹೇಳುತ್ತೇನೆ. ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಬಯಾಸ್ (ಹೀಗೆ ಕೂರಿಸಿದ ವೋಲ್ಟ್) ಸರಿಯುತ್ತದೆ, ಅದಕ್ಕೆ ಬಯಾಸ್ ರೆಸಿಸ್ಟರ್ ಜಾಗದಲ್ಲಿ ತಿರುಗಿಸಿ ಹೊಂದಿಸುವ ಪ್ರೀಸೆಟ್ ಹಾಕಿದ್ದೇನೆ. ಇದನ್ನು ಆಂಪ್‌ನ ನಾರ್ಮಲ್ ಚಾನೆಲ್‌ಗೆ ಕೊಟ್ಟು ಗಿಟಾರ್‌ನ ವಾಲ್ಯೂಮಲ್ಲೇ ಆಟವಾಡಿ: ಇಳಿಸಿದರೆ ಕ್ಲೀನ್, ಏರಿಸಿದರೆ ಪೂರ್ತಿ ಡಿಸ್ಟಾರ್ಷನ್.

ಆ ಎಂಟು ಸಾವಿರ ಬಿಟ್ಟರೆ ಒಟ್ಟು ಆರೇಳು ಸಾವಿರ ಖರ್ಚು. ಅದರಲ್ಲಿ ಅರ್ಧಕ್ಕರ್ಧ ಡಬ್ಬಿಯ ವಾಲ್ವ್‌ಗಳಿಗೇ ಹೋಯಿತು, ಇನ್ನೊಂದು ಸೆಟ್ ಆಗುವಷ್ಟು ಉಳಿದಿವೆ. ಸ್ವರ ನಡುಗಿಸುವ ವೈಬ್-ಟ್ರೆಮ್ (ವೈಬ್ರಾಟೋ-ಟ್ರೆಮೊಲೊ) ಚಾನೆಲ್ ಇನ್ನೂ ಮುಟ್ಟಿಲ್ಲ.