ನಿಲ್ಲಿಸಿದ ಆರ್‌ವಿಯನ್ನು ರಣಹದ್ದುಗಳಿಂದ ಕಾಪಾಡುವ ಬಗೆ

ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನವನ್ನು ಹೋಮ್‌ಸ್ಟೆಡ್ ಊರಿನ ಕಡೆಯಿಂದ ಪ್ರವೇಶಿಸಿ ಸುಮಾರು 4 ಮೈಲಿ ಸಾಗಿದರೆ ರಾಯಲ್ ಪಾಮ್ ಎಂಬ ತಾಣ ಸಿಗುತ್ತದೆ. ನಮ್ಮ ಹಾವಕ್ಕಿಯ ಹತ್ತಿರದ ಬಂಧುವಾದ ಆನ್‌ಹಿಂಗಾ ಹಕ್ಕಿಯ ಹೆಸರನ್ನೇ ಹೊತ್ತ ಕಾಲುದಾರಿ ಅಲ್ಲಿಂದ ಆರಂಭವಾಗುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಹೋದವರ ಕಣ್ಣಿಗೆ ಆಲಿಗೇಟರುಗಳಿಗಿಂತ ಮೊದಲು ಬೀಳುವುದು ಟಾರ್ಪಾಲಿನ್ ಹೊದ್ದು ನಿಂತ ಕಾರುಗಳು. ರಣಹದ್ದುಗಳು ವೈಪರಿನ ರಬ್ಬರ್, ಗಾಜಿನ ಸುತ್ತಲಿನ ಬೀಡಿಂಗ್, ಸನ್‌ರೂಫಿನ ಅಂಚು ಇವುಗಳನ್ನು ಕಿತ್ತು ಹಾಕುವುದರಿಂದ ಉದ್ಯಾನದವರೇ ಟಾರ್ಪಾಲಿನ್ ಮತ್ತು ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗಗಳನ್ನು ಅಲ್ಲಿ ಇಟ್ಟಿರುತ್ತಾರೆ. ಹಣ ಕೊಡಬೇಕಾಗಿಲ್ಲ, ಬಳಸಿದ ಮೇಲೆ ಮಡಿಸಿ ಮರಳಿ ಇಡಬೇಕು.

ಆ ಹೊದಿಕೆಗಳು ಕಾರಿಗೆ ಸಾಲುತ್ತವೆ, ಆರ್‌ವಿಗೆ ಸಾಲುವುದಿಲ್ಲ. ಒಳಗೇ ಮಲಗುವ, ಅಡುಗೆ ಮಾಡುವ ಅನುಕೂಲವಿರುವ ಈ ಮನೆಗಾಡಿಗಳ ಅಗಲವೇ ಎಂಟೂವರೆ ಅಡಿಯವರೆಗೆ ಇರುತ್ತದೆ, ಎತ್ತರ ಹತ್ತು ಅಡಿಯನ್ನು ದಾಟುತ್ತದೆ. ಕಾರಿನಲ್ಲಿ ರಬ್ಬರ್ ಇರುವುದು ಗಾಜು, ಬಾಗಿಲುಗಳ ಅಂಚಿನಲ್ಲಿ ಮಾತ್ರ; ಆರ್‌ವಿಯ ಛಾವಣಿಯಾದರೋ ಅನೇಕ ಮಾದರಿಗಳಲ್ಲಿ ಪೂರ್ತಿಯಾಗಿ ರಬ್ಬರಿನಂಥ ಒಂದು ಹಾಳೆಯೇ ಆಗಿರುತ್ತದೆ. ಮೊದಲ ಪ್ರವಾಸದಲ್ಲಿ ನಾವು ಮುಂಗಾಜಿಗೆ ಹೊದಿಕೆ ಕಟ್ಟಿ, ವೈಪರುಗಳು ಉಳಿದವೆಂಬ ಸಮಾಧಾನದಿಂದ ಮನೆಗೆ ಮರಳಿದ್ದೆವು. ಕೆಲವು ವಾರಗಳ ನಂತರ ಮಳೆ ಬಿದ್ದಾಗ ಹಾಸಿಗೆಯ ಮೇಲಿನ ಒಳಛಾವಣಿಯಲ್ಲಿ ಕಂದು ಬಣ್ಣದ ಕಲೆ ಮೂಡಿತು. ಏಣಿ ಹತ್ತಿ ನೋಡಿದರೆ ಗಾಳಿಕಿಂಡಿಯ ಸುತ್ತ ನೀರು ಇಳಿಯದಂತೆ ಬಳಿದಿದ್ದ ಸೀಲೆಂಟನ್ನು ಹಕ್ಕಿಗಳು ಕುಕ್ಕಿ ಎತ್ತಿದ್ದವು. ಕಣ್ಣಿಗೆ ಕಾಣುವ ವೈಪರಿನ ನಷ್ಟ ಸಣ್ಣದು, ಅರ್ಧ ಗಂಟೆಯಲ್ಲಿ ಹೊಸದನ್ನು ಹಾಕಬಹುದು. ಕಣ್ಣಿಗೆ ಕಾಣದ ಛಾವಣಿಯ ತೂತಿನಿಂದ ಇಳಿದ ನೀರು ಕೆಳಗಿನ ಪ್ಲೈವುಡ್ಡನ್ನು ಕೊಳೆಸುತ್ತದೆ. ಆದ್ದರಿಂದ ಆರ್‌ವಿ ಇರುವವರು ಛಾವಣಿಯಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ಹಕ್ಕಿಯ ದಿನಚರಿಯನ್ನು ತಿಳಿದರೆ ಅರ್ಧ ಕೆಲಸ ಹಗುರವಾಗುತ್ತದೆ. ಫ್ಲಾರಿಡಾದಲ್ಲಿ ಎರಡು ಜಾತಿಯ ರಣಹದ್ದುಗಳಿವೆ. ಟರ್ಕಿ ವಲ್ಚರ್‌ನ ಬೋಳು ತಲೆ ಕೆಂಪಗಿರುತ್ತದೆ. ಅದು ಸತ್ತ ಪ್ರಾಣಿಯನ್ನು ವಾಸನೆಯಿಂದಲೇ ಪತ್ತೆಹಚ್ಚುತ್ತದೆ. ಬ್ಲ್ಯಾಕ್ ವಲ್ಚರ್‌ನ ತಲೆ ಕಪ್ಪು ಬೂದು ಬಣ್ಣದ್ದು, ಬಾಲ ಮೋಟು, ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಐದು ಅಡಿ, ತೂಕ ಎರಡು ಕಿಲೋದ ಆಸುಪಾಸು. ಮೂಗು ಅಷ್ಟು ಚುರುಕಿಲ್ಲದ ಈ ಎರಡನೆಯದು ಮೊದಲನೆಯದರ ಬೆನ್ನು ಹಿಡಿದು ಹೋಗಿ ಆಹಾರದ ಬಳಿ ಗುಂಪಾಗಿ ಸೇರುತ್ತದೆ. ವಾಹನಗಳ ತಂಟೆಗೆ ಹೆಚ್ಚಾಗಿ ಬರುವುದು ಇದೇ. ತೊಗಲು, ಸ್ನಾಯುಗಳನ್ನು ಎಳೆದು ಹರಿಯಲೆಂದೇ ರೂಪುಗೊಂಡ ಕೊಕ್ಕಿಗೆ ಎಳೆದಷ್ಟೂ ಹಿಗ್ಗುವ ರಬ್ಬರ್ ಆಕರ್ಷಕವಾಗಿ ತೋರುವುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಉತ್ತರದ ರಾಜ್ಯಗಳ ಟರ್ಕಿ ವಲ್ಚರುಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವುದರಿಂದ, ಪ್ರವಾಸಿಗರು ಹೆಚ್ಚಾಗಿರುವ ಒಣ ಹವೆಯ ತಿಂಗಳುಗಳಲ್ಲೇ ಹಕ್ಕಿಗಳೂ ಹೆಚ್ಚಾಗಿರುತ್ತವೆ. ರಾತ್ರಿ ಮರಗಳಲ್ಲಿ ಒಟ್ಟಾಗಿ ತಂಗಿದ ಇವು ಬೆಳಿಗ್ಗೆ ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ದೂರ ಹಾರುವುದಿಲ್ಲ. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತ, ಹತ್ತಿರದ ಎತ್ತರದ ಜಾಗಗಳಲ್ಲಿ ಕುಳಿತಿರುತ್ತವೆ. ಖಾಲಿ ಜಾಗದಲ್ಲಿ ನಿಂತ ಆರ್‌ವಿಯ ಛಾವಣಿ ಅವುಗಳ ಪಾಲಿಗೆ ಅಂಥದೇ ಒಂದು ಜಗಲಿ. ಬೆಳಿಗ್ಗೆ ಬೇಗ ಬಂದು ಗಾಡಿ ನಿಲ್ಲಿಸಿ ನಡೆಯಲು ಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ನಿಲ್ಲಿಸುವ ಜಾಗವನ್ನು ಆರಿಸುವಾಗ ಮೊದಲು ನೆಲವನ್ನು ನೋಡಿ. ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆಯ ಗುರುತುಗಳು, ದೊಡ್ಡ ಕಪ್ಪು ಗರಿಗಳು, ಹರಿದ ರಬ್ಬರಿನ ಚೂರುಗಳು ಕಂಡರೆ ಅಲ್ಲಿಂದ ಮುಂದೆ ಸಾಗುವುದೇ ಲೇಸು. ಒಣಗಿದ ಎತ್ತರದ ಮರ, ಕಸದ ತೊಟ್ಟಿ, ಮೀನು ಕೊಯ್ಯುವ ಕಟ್ಟೆ ಇವುಗಳ ಪಕ್ಕದಲ್ಲಿ ನಿಲ್ಲಿಸಬೇಡಿ. ಉದ್ಯಾನದ ದ್ವಾರದಿಂದ 38 ಮೈಲಿ ದೂರದಲ್ಲಿ, ಕಡಲಂಚಿನಲ್ಲಿರುವ ಫ್ಲಮಿಂಗೊ ತಾಣದಲ್ಲಿ ದೋಣಿಗಳೂ ಮೀನುಗಾರರೂ ಇರುವುದರಿಂದ ಈ ಮಾತು ಅಲ್ಲಿಗೆ ಹೆಚ್ಚು ಅನ್ವಯಿಸುತ್ತದೆ. ಜನ ಓಡಾಡುವ ದಾರಿಗೆ ಹತ್ತಿರವಿರುವ ಜಾಗ ಸಿಕ್ಕಿದರೆ ನೆರಳಿನ ಆಸೆಯನ್ನು ಬಿಟ್ಟು ಅದನ್ನೇ ಆರಿಸಿಕೊಳ್ಳಿ.

ಇನ್ನು ಛಾವಣಿ. ಹತ್ತು ಅಡಿ ಎತ್ತರದ, ಇಪ್ಪತ್ತೈದು ಮೂವತ್ತು ಅಡಿ ಉದ್ದದ ಗಾಡಿಗೆ ಪ್ರತಿ ನಿಲುಗಡೆಯಲ್ಲೂ ಟಾರ್ಪಾಲಿನ್ ಎಳೆಯುವುದು ಆಗುವ ಮಾತಲ್ಲ. ಗಾಳಿ ಬೀಸಿದರೆ ಅದು ಹಾಯಿಯಂತೆ ಉಬ್ಬಿ ಬಣ್ಣವನ್ನೂ ಆಂಟೆನಾವನ್ನೂ ಕೆಡಿಸುತ್ತದೆ. ಅದಕ್ಕಿಂತ ಪ್ರವಾಸಕ್ಕೆ ಮೊದಲೇ, ಮನೆಯಂಗಳದಲ್ಲಿ ಸಾವಧಾನವಾಗಿ ಗಟ್ಟಿ ಕವಚಗಳನ್ನು ಕೂರಿಸುವುದು ಉತ್ತಮ. ಅಮೆರಿಕದ ಬಹುಪಾಲು ಆರ್‌ವಿಗಳಲ್ಲಿ ಛಾವಣಿಯ ಗಾಳಿಕಿಂಡಿ 14 ಅಂಗುಲದ ಚೌಕವಾಗಿರುತ್ತದೆ. ಅದರ ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಹೊರಮುಚ್ಚಳ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಕಿಂಡಿಯ ತೆಳು ಮುಚ್ಚಳವೂ ಅದರ ರಬ್ಬರ್ ಅಂಚೂ ಕೊಕ್ಕಿಗೆ ಎಟಕುವುದಿಲ್ಲ, ಮಳೆಯಲ್ಲೂ ಗಾಳಿಯಾಡಲು ಕಿಂಡಿಯನ್ನು ತೆರೆದಿಡಬಹುದೆಂಬುದು ಮತ್ತೊಂದು ಲಾಭ. ಸೌರ ಫಲಕದಿಂದ ಬರುವ ತಂತಿಗಳನ್ನು ಬರಿದಾಗಿ ಬಿಡದೆ ಗಟ್ಟಿ ಕೊಳವೆಯೊಳಗೆ ಹಾಯಿಸಿ. ಬಿರುಕು ಬಿಟ್ಟು ಮೇಲೆದ್ದ ಹಳೆಯ ಸೀಲೆಂಟ್ ಹಕ್ಕಿಗೆ ಹಿಡಿತ ಕೊಡುವುದರಿಂದ ಅದನ್ನು ಕೆರೆದು ತೆಗೆದು, ಜಾಗವನ್ನು ಒರೆಸಿ ಒಣಗಿಸಿ, ನಿಮ್ಮ ಛಾವಣಿಯ ಹಾಳೆಗೆ ಒಗ್ಗುವ ಸೀಲೆಂಟನ್ನೇ ಹೊಸದಾಗಿ ಬಳಿಯಿರಿ. ಹಾಳೆ ಇಪಿಡಿಎಂ ಎಂಬ ಕೃತಕ ರಬ್ಬರಿನದೋ ಟಿಪಿಓ ಎಂಬ ಪ್ಲಾಸ್ಟಿಕ್ ಬಗೆಯದೋ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಗಾಡಿಯ ಮುಂಭಾಗಕ್ಕೆ ಮಾತ್ರ ಟಾರ್ಪಾಲಿನ್ ಸರಿಯಾದ ಸಾಧನ. 10 ಅಡಿ ಅಗಲ, 12 ಅಡಿ ಉದ್ದದ ಒಂದು ತುಂಡು ಮುಂಗಾಜು, ವೈಪರು, ಪಕ್ಕದ ಕನ್ನಡಿಗಳು ಇವನ್ನೆಲ್ಲ ಮುಚ್ಚುತ್ತದೆ. ಕಟ್ಟುವ ಮೊದಲು ಗಾಜಿನ ಮೇಲಿನ ಮರಳು, ಧೂಳನ್ನು ಒರೆಸಿ, ಇಲ್ಲವಾದರೆ ಹೊದಿಕೆ ಅಲುಗಿದಂತೆಲ್ಲ ಅದೇ ಉಪ್ಪುಕಾಗದದಂತೆ ಉಜ್ಜುತ್ತದೆ. ಚೂಪು ಮೂಲೆಗಳಿರುವ ಕಡೆ ಹಳೆಯ ಟವಲ್ ಇಡಿ. ಮುಂದಿನ ಎರಡೂ ಬಾಗಿಲುಗಳನ್ನು ತೆರೆದು ಟಾರ್ಪಾಲಿನ್ನಿನ ಅಂಚುಗಳನ್ನು ಒಳಕ್ಕೆ ಸೇರಿಸಿ ಬಾಗಿಲು ಹಾಕಿದರೆ ಮೇಲ್ಭಾಗ ತಾನಾಗಿಯೇ ಬಿಗಿಯಾಗುತ್ತದೆ. ಮಳೆಯ ಸೂಚನೆಯಿದ್ದರೆ ಮಾತ್ರ ಹೀಗೆ ಮಾಡಬೇಡಿ, ಅಂಚಿನ ಗುಂಟ ನೀರು ಒಳಗಿಳಿಯುತ್ತದೆ. ಕೆಳಭಾಗವನ್ನು ಎಲಾಸ್ಟಿಕ್ ಹಗ್ಗಗಳಿಂದ ಬಂಪರಿನ ಅಡಿಗೆ ಎಳೆದು ಕಟ್ಟಿ, ಕೊಕ್ಕೆಯ ಮೊನೆ ಬಣ್ಣದ ಕಡೆಗಿರದೆ ಹೊರಮುಖವಾಗಿರಲಿ. ಬಿಗಿದ ಎಲಾಸ್ಟಿಕ್ ಹಗ್ಗ ಕೈ ಜಾರಿದರೆ ಕಣ್ಣಿಗೇ ಬಡಿಯಬಹುದಾದ್ದರಿಂದ ಬಿಚ್ಚುವಾಗ ಮುಖವನ್ನು ಅದರ ನೇರಕ್ಕೆ ತರಬೇಡಿ. ಜೋತಾಡುವ ತುದಿಗಳನ್ನೂ ಕುಣಿಕೆಗಳನ್ನೂ ಉಳಿಸಲೇಬಾರದು: ಅವು ಹಕ್ಕಿಯ ಕುತೂಹಲವನ್ನು ಕೆಣಕುತ್ತವೆ, ಅದರ ಕಾಲು ಸಿಕ್ಕಿಕೊಂಡರೆ ಪಾಪ ಪ್ರಾಣಕ್ಕೇ ಕುತ್ತು.

ಹೊದಿಕೆಯ ವಿಷಯದಲ್ಲಿ ಒಂದು ಎಚ್ಚರವನ್ನು ಯಾರೂ ಹಗುರವಾಗಿ ಕಾಣಬಾರದು. ಜನರೇಟರಿನ ಹೊಗೆ ಕೊಳವೆ, ಗ್ಯಾಸಿನಿಂದ ನಡೆಯುವ ಫ್ರಿಜ್ಜಿನ ಗಾಳಿಕಿಂಡಿ, ನೀರು ಕಾಯಿಸುವ ಯಂತ್ರದ ಹೊರಬಾಯಿ ಇವುಗಳ ಮೇಲೆ ಟಾರ್ಪಾಲಿನ್ ಬೀಳಕೂಡದು. ಇವು ಉರಿಯುತ್ತಿರುವಾಗ ದಾರಿ ಮುಚ್ಚಿದರೆ ಬೆಂಕಿಯ ಅಪಾಯವಿದೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡರೆ ಮಲಗಿದವರು ಏಳದೆ ಹೋಗಬಹುದು. ಒಳಗೆ ಜನರಿರುವಾಗ ಛಾವಣಿಯನ್ನು ಮುಚ್ಚುವ ಯೋಚನೆಯೇ ಬೇಡ.

ನಡೆಯಲು ಹೊರಡುವ ಮುನ್ನ ಪಕ್ಕಕ್ಕೆ ಚಾಚುವ ಸ್ಲೈಡ್ ಔಟ್ ಕೋಣೆಗಳನ್ನು ಒಳಕ್ಕೆ ಎಳೆದುಕೊಳ್ಳಿ, ಬಟ್ಟೆಯ ಮುಂಚಾವಣಿಯನ್ನು ಸುತ್ತಿಡಿ. ಆರ್‌ವಿಯ ಹಿಂದೆ ಕಟ್ಟಿ ತಂದ ಕಾರಿದ್ದರೆ ಉದ್ಯಾನದ ಟಾರ್ಪಾಲಿನ್ ಅದಕ್ಕೆ ಹಾಕಿ. ಸೈಕಲ್ಲಿನ ಸೀಟು, ಹೊರಗಿಟ್ಟ ರಬ್ಬರ್ ಚಪ್ಪಲಿ, ಮಡಿಸುವ ಕುರ್ಚಿ ಎಲ್ಲವೂ ಒಳಗೆ ಹೋಗಲಿ. ತಿಂಡಿಯ ಪೊಟ್ಟಣ, ಮಾಂಸ ಸುಟ್ಟ ಒಲೆಯ ಜಿಡ್ಡು ಹೊರಗೆ ಉಳಿದರೆ ಮೇಲೆ ಹೇಳಿದ್ದೆಲ್ಲವೂ ವ್ಯರ್ಥ. ರಾಷ್ಟ್ರೀಯ ಉದ್ಯಾನದಲ್ಲಿ ಕಾಡುಪ್ರಾಣಿಗಳಿಗೆ ತಿನ್ನಲು ಕೊಡುವುದು ಕಾನೂನಿಗೂ ವಿರುದ್ಧ.

ಹಕ್ಕಿಗಳನ್ನು ಹೆದರಿಸಿ ಓಡಿಸಬಾರದೇ ಎಂದು ಅನೇಕರು ಕೇಳುತ್ತಾರೆ. ಹೊಳೆಯುವ ಪಟ್ಟಿ, ಚಪ್ಪಾಳೆ, ನೀರಿನ ಚಿಮ್ಮುವಿಕೆ ಇವು ಕೆಲವು ಹೊತ್ತು ಕೆಲಸ ಮಾಡುತ್ತವೆ, ಆಮೇಲೆ ಹಕ್ಕಿಗಳು ಅವಕ್ಕೆ ಹೊಂದಿಕೊಳ್ಳುತ್ತವೆ. ರಣಹದ್ದಿನ ಆಕಾರದ ಬೊಂಬೆಯನ್ನು ತಲೆಕೆಳಗಾಗಿ ತೂಗುಹಾಕುವ ಕ್ರಮವೂ ಇದ್ದು, ಹಕ್ಕಿಗಳು ತಂಗುವ ಮರಗಳ ಬಳಿ ಅದರಿಂದ ಒಳ್ಳೆಯ ಫಲ ಸಿಕ್ಕಿದೆ. ಖಾಸಗಿ ಜಾಗದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಇದನ್ನು ಪ್ರಯತ್ನಿಸಬಹುದು. ಕಲ್ಲೆಸೆಯುವುದು, ವಿಷವಿಡುವುದು, ಅಂಟು ಬಳಿಯುವುದು ಮಾತ್ರ ಸರ್ವಥಾ ಸಲ್ಲದು. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆಯು ಈ ಎರಡೂ ಜಾತಿಗಳನ್ನು ರಕ್ಷಿಸುತ್ತದೆ. ನೆಲಕ್ಕೆ ಬಿದ್ದ ಗರಿಯನ್ನು ನೆನಪಿಗೆಂದು ಮನೆಗೆ ತರುವುದಕ್ಕೂ ಅದರಡಿ ಅವಕಾಶವಿಲ್ಲ. ಕಾಯ್ದೆಯ ಮಾತಿಗಿಂತ ನನಗೆ ಹೆಚ್ಚು ತಟ್ಟುವುದು ರಾಮನಗರದ ನೆನಪು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕಳೇಬರಗಳ ಮೂಲಕ ಒಡಲು ಸೇರಿ ನಮ್ಮ ದೇಶದ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು 2006ರಲ್ಲಿ ನಿಷೇಧಿಸಲಾಯಿತು, 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಫ್ಲಾರಿಡಾದ ಹಕ್ಕಿಗಳು ಬೇರೆಯೇ ಕುಟುಂಬಕ್ಕೆ ಸೇರಿದವು, ಆದರೆ ಮಾಡುವ ಕೆಲಸ ಒಂದೇ. ಆಕಾಶ ಬರಿದಾದುದನ್ನು ಕಂಡ ನಾಡಿನವರಾದ ನಾವು ಒಂದು ಜೊತೆ ವೈಪರಿಗಾಗಿ ಈ ಹಕ್ಕಿಯ ಮೇಲೆ ಕೈಯೆತ್ತಬಾರದು.

ಗಾಡಿಯನ್ನು ತಿಂಗಳುಗಟ್ಟಲೆ ಬಿಟ್ಟುಹೋಗುವವರಿಗೆ ಟಾರ್ಪಾಲಿನ್ ತಕ್ಕದ್ದಲ್ಲ. ಫ್ಲಾರಿಡಾದ ತೇವದಲ್ಲಿ ಅದರಡಿ ಬೆವರಿನಂತೆ ನೀರು ಕಟ್ಟಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಬಟ್ಟೆಯಿಂದ ಗಾಡಿಯ ಅಳತೆಗೆ ಹೊಲಿದ ಹೊದಿಕೆ, ಅದಕ್ಕಿಂತ ಮಿಗಿಲಾಗಿ ಮೇಲ್ಛಾವಣಿಯಿರುವ ಬಾಡಿಗೆ ಶೆಡ್ಡು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಚಕ್ರಗಳಿಗೂ ಪ್ರತ್ಯೇಕ ಕವಚ ಹಾಕಿ.

ಇಷ್ಟಾಗಿಯೂ ಹಕ್ಕಿಗಳು ಬಂದು ಹೋದ ಗುರುತು ಕಂಡರೆ ಅವಸರದಿಂದ ಉಜ್ಜಲು ಹೋಗಬೇಡಿ. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದ್ದು, ಬಿಸಿಲಿನಲ್ಲಿ ಉಳಿದಷ್ಟೂ ಬಣ್ಣವನ್ನು ತಿನ್ನುತ್ತದೆ. ಒಣಗಿದ್ದನ್ನು ಕೆರೆದರೆ ಗೀರು ಬೀಳುವುದಲ್ಲದೆ ಪುಡಿ ಉಸಿರಿನೊಳಗೆ ಹೋಗುತ್ತದೆ. ಕೈಗವಸು, ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿ ನೆನೆಸಿದ ಮೇಲೆ ಮೃದುವಾಗಿ ಎತ್ತಿ ತೆಗೆಯಿರಿ. ಬೆದರಿದ ರಣಹದ್ದು ವಾಂತಿ ಮಾಡುವುದೂ ಉಂಟು, ಅದನ್ನೂ ಹೀಗೆಯೇ ತೊಳೆಯಬೇಕು. ಬಳಿಕ ಒಬ್ಬರು ಏಣಿ ಹಿಡಿದಿರಲು ಇನ್ನೊಬ್ಬರು ಹತ್ತಿ ಛಾವಣಿಯನ್ನು ಅಡಿ ಅಡಿಯಾಗಿ ನೋಡಿ, ಕುಕ್ಕಿದ ಗುರುತುಗಳ ಚಿತ್ರ ತೆಗೆದುಕೊಳ್ಳಿ. ಅಮೆರಿಕದ ವಾಹನ ವಿಮೆಯಲ್ಲಿ ಹಕ್ಕಿ, ಪ್ರಾಣಿಗಳಿಂದಾದ ಹಾನಿ ಸಾಮಾನ್ಯವಾಗಿ ಕಾಂಪ್ರಹೆನ್ಸಿವ್ ಎಂಬ, ಡಿಕ್ಕಿಯಲ್ಲದ ಹಾನಿಗಳಿಗಿರುವ ಭಾಗದಡಿ ಬರುತ್ತದೆ; ಆರ್‌ವಿಯ ಪಾಲಿಸಿಯಲ್ಲಿ ಅದು ಹೇಗಿದೆ, ಮೊದಲಿಗೆ ನಿಮ್ಮ ಕೈಯಿಂದ ಭರಿಸಬೇಕಾದ ಮೊತ್ತ ಎಷ್ಟು ಎಂಬುದನ್ನು ಪ್ರವಾಸಕ್ಕೆ ಮೊದಲೇ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ಸಣ್ಣ ತೂತುಗಳಿಗೆ ಛಾವಣಿಗೆಂದೇ ಇರುವ ಅಂಟುಪಟ್ಟಿಯನ್ನು ಅಂದೇ ಹಚ್ಚಿ. ಮುಂದಿನ ಮಳೆ ನಿಂತ ಕೂಡಲೇ ಒಳಛಾವಣಿಯ ಮೂಲೆಗಳನ್ನೂ ಗಾಳಿಕಿಂಡಿಯ ಸುತ್ತಲನ್ನೂ ಅಂಗೈಯಿಂದ ಒತ್ತಿ, ಎಲ್ಲಾದರೂ ಮೆತ್ತಗಾಗಿದೆಯೇ ಎಂದು ನೋಡಿ.