ಬೈಠಕ್ಕಿನ ಖಯಾಲನ್ನು ಸಿಡಿಗೆ ಮಾಸ್ಟರಿಂಗ್ ಮಾಡುವ ಬಗೆ

ಧಾರವಾಡದ ಬೈಠಕ್ಕುಗಳಲ್ಲಿ (ಆಪ್ತರು ಕೂತು ಕೇಳುವ ಸಣ್ಣ ಕಚೇರಿಗಳಲ್ಲಿ) ಮುದ್ರಿಸಿದ ಖಯಾಲ್ ಎಂಬ ಹಿಂದೂಸ್ತಾನಿ ಗಾಯನ ಸಿಡಿಯಲ್ಲಿ ಕೆಡುವುದು ಹೆಚ್ಚಾಗಿ, ಜೋರು ಸದ್ದನ್ನು ಮಿತಿಯೊಳಗೆ ಒತ್ತುವ ಲಿಮಿಟರಿನ ಅತಿ ಬಳಕೆಯಿಂದ. ಸಿಡಿಯ 16 ಬಿಟ್‌ನಲ್ಲಿ ಸುಮಾರು 96 ಡೆಸಿಬೆಲ್ ಏರಿಳಿತಕ್ಕೆ ಜಾಗವಿದೆ. ನಿಧಾನ ಲಯದ ವಿಲಂಬಿತದ ಮೆಲುದನಿ, ವೇಗದ ದ್ರುತದ ತಾನ್ (ಸರಸರನೆ ಹರಿಯುವ ಸ್ವರಗಳ ಸಾಲು) ಎರಡೂ ಅದರಲ್ಲಿ ಆರಾಮಾಗಿ ಹಿಡಿಸುತ್ತವೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ಒತ್ತಿದರೆ ತಬಲಾದ ಪೆಟ್ಟು ಮೊಂಡಾಗುತ್ತದೆ, ಹಾಡು ನಿಂತಲ್ಲೆಲ್ಲ ತಂಬೂರಿ ಉಬ್ಬಿ ಬರುತ್ತದೆ. ಹೀಗೆ ಹಾಳಾದದ್ದನ್ನು ಯಾವ ಒಳ್ಳೆಯ ಪ್ಲೇಯರೂ ಸರಿಪಡಿಸಲಾರದು.

ಮಾಸ್ಟರಿಂಗ್ ಅಂದರೆ ಮುದ್ರಣವನ್ನು ಸಿಡಿಗೆ ಹದ ಮಾಡುವ ಕೆಲಸ. ಅದೆಲ್ಲ 24 ಬಿಟ್‌ನಲ್ಲೇ ನಡೆಯಲಿ. ಕರೆಂಟಿನ ಗುಂಯ್ ಸದ್ದಿದ್ದರೆ 50 ಹರ್ಟ್ಸ್‌ನಲ್ಲಿ ಅದೊಂದನ್ನೇ ಕತ್ತರಿಸುವ ಕಿರಿದಾದ ನಾಚ್ ಫಿಲ್ಟರ್ ಹಾಕಿ. ತೀರ ತಗ್ಗಿನ ಸದ್ದನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು 40 ಹರ್ಟ್ಸ್‌ನ ಮೇಲೆ ಏರಿಸಬೇಡಿ. ಏರಿಸಿದರೆ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ), ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ ಸೊರಗುತ್ತವೆ. ಆಮೇಲೆ ಸಿಡಿಯ ಸ್ಯಾಂಪಲ್ ದರವಾದ 44.1 ಕಿಲೋಹರ್ಟ್ಸ್‌ಗೆ ಬದಲಿಸಿ, ಅತಿ ಎತ್ತರದ ಪೀಕ್ −1 ಡೆಸಿಬೆಲ್‌ನಲ್ಲಿ ನಿಲ್ಲಿಸಿ. ಡಿಜಿಟಲ್ ಮಿತಿಯಾದ ಸೊನ್ನೆಗೇ ತಾಗಿಸಿದರೆ ಎರಡು ಸ್ಯಾಂಪಲ್‌ಗಳ (ದನಿಯನ್ನು ಅಳೆದ ಬಿಂದುಗಳ) ನಡುವಿನ ಅಲೆ ಮಿತಿ ಮೀರಿ, ಕೆಲವು ಪ್ಲೇಯರ್‌ಗಳಲ್ಲಿ ದನಿ ಒಡೆಯುತ್ತದೆ.

ಡಿದರ್ (ಬೇಕೆಂದೇ ಬೆರೆಸುವ ತೀರ ಮೆಲುವಾದ ಸದ್ದು) ಕಟ್ಟಕಡೆಗೆ, ಒಂದೇ ಸಲ, 16 ಬಿಟ್‌ಗೆ ಇಳಿಸುವಾಗ ಮಾತ್ರ. ಅದನ್ನು ಬಿಟ್ಟರೆ ತಂಬೂರಿಯ ನಾದ ಕರಗುವ ಕೊನೆಯಲ್ಲಿ ಒರಟು ಸದ್ದು ಸೇರಬಹುದು.

ಮೂಲ ಮುದ್ರಣಕ್ಕೆ ಹೋಲಿಸುವ ಮೊದಲು ಎರಡರ ವಾಲ್ಯೂಮ್ ಸರಿದೂಗಿಸಿ. ಜೋರಾಗಿರುವುದೇ ಚಲೋ ಅಂತ ಕಿವಿಗೆ ಅನಿಸಿಬಿಡುತ್ತದೆ.